ಮರ ಕಡಿದರೆ ನದಿಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಬಂದಾಗ ಎರಡು ಗುಂಪಾಗುವುದು ಮಾಮೂಲು. ಒಂದು ಕಡೆಯವರು "ಕಾಡು ಹೋದರೆ ನದಿ ಬತ್ತುತ್ತದೆ, ಅಷ್ಟೇ" ಅನ್ನುತ್ತಾರೆ. ಇನ್ನೊಂದು ಕಡೆಯವರು "ಸುಮ್ನೆ ಭಾವುಕರಾಗಬೇಡಿ, ಮರ ಕಡಿದ ಕಡೆ ನೀರು ಜಾಸ್ತಿಯಾಗಿದ್ದಕ್ಕೆ ಅಳತೆ ಇದೆ" ಅನ್ನುತ್ತಾರೆ. ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ, ಅದಕ್ಕೇ ಜಗಳ ಮುಗಿಯುವುದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಎಷ್ಟು ಮರ ಕಡಿದರು ಅನ್ನುವ ಲೆಕ್ಕ ಮುಖ್ಯವೇ. ಆದರೆ ಎಲ್ಲಿ ಕಡಿದರು, ದಿಮ್ಮಿಗಳನ್ನು ಹೇಗೆ ಹೊರಗೆ ಎಳೆದು ತಂದರು, ಆಮೇಲೆ ಆ ನೆಲವನ್ನು ಏನು ಮಾಡಿದರು ಅನ್ನುವುದು ಅದಕ್ಕಿಂತ ಮುಖ್ಯ.

ಜಲಾನಯನ ಪ್ರದೇಶ ಅಂದರೆ ನದಿಯ ಅಕ್ಕಪಕ್ಕದ ಜಾಗನಾ?

ಅಲ್ಲ. ಮಳೆ ಬಿದ್ದಾಗ ಎಲ್ಲೆಲ್ಲಿಯ ನೀರು ಇಳಿದು ಬಂದು ಕೊನೆಗೆ ಒಂದೇ ನದಿಗೆ ಸೇರುತ್ತದೋ ಅಷ್ಟೂ ಜಾಗ ಆ ನದಿಯ ಜಲಾನಯನ. ಗುಡ್ಡದ ನೆತ್ತಿಯಿಂದಲೇ ಶುರು. ನೆತ್ತಿಯ ಆಚೆ ಬದಿಗೆ ಬಿದ್ದ ಹನಿ ಇನ್ನೊಂದು ನದಿಯ ಪಾಲು. ನಕ್ಷೆಯಲ್ಲಿ ನಮಗೆ ಕಾಣುವುದು ದಪ್ಪ ನೀಲಿ ಗೆರೆ. ಆದರೆ ನದಿ, ಉಪನದಿ, ಹಳ್ಳ, ತೊರೆ ಎಲ್ಲ ಸೇರಿಸಿ ಉದ್ದ ಅಳೆದರೆ ಅದರಲ್ಲಿ ಬಹುಪಾಲು ಹೆಸರೇ ಇಲ್ಲದ ಸಣ್ಣ ತೊರೆಗಳದ್ದು, ಒಂದೇ ಹೆಜ್ಜೆಯಲ್ಲಿ ದಾಟಿಬಿಡಬಹುದಾದಂಥವು. ಮರ ಕಡಿಯುವ ಕೆಲಸ ನಡೆಯುವುದೂ ಹೆಚ್ಚಾಗಿ ಅಲ್ಲೇ, ಮೇಲ್ಭಾಗದಲ್ಲಿ. ಹಾಗಾಗಿ ಕೆಳಗಿನ ದೊಡ್ಡ ನದಿಯಲ್ಲಿ ಏನೂ ಕಾಣದಿದ್ದರೂ ಮೇಲಿನ ತೊರೆ ಪೂರ್ತಿ ಕೆಟ್ಟಿರಬಹುದು.

ನೇರವಾಗಿ ಹೇಳಿ, ಮರ ಕಡಿದರೆ ನೀರು ಕಡಿಮೆಯಾಗುತ್ತಾ ಜಾಸ್ತಿಯಾಗುತ್ತಾ?

ಕಡಿದ ಹೊಸದರಲ್ಲಿ ಹಳ್ಳದ ಒಟ್ಟು ನೀರು ಸಾಮಾನ್ಯವಾಗಿ ಜಾಸ್ತಿಯಾಗುತ್ತದೆ. ಹೌದು, ಜಾಸ್ತಿ.

ಕಾರಣ ಸರಳ. ಬಿದ್ದ ಮಳೆಯಲ್ಲಿ ಒಂದಷ್ಟು ಎಲೆ, ಕೊಂಬೆಗಳ ಮೇಲೇ ನಿಂತು ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ನೆಲಕ್ಕೆ ಇಳಿದ ನೀರಲ್ಲಿ ದೊಡ್ಡ ಪಾಲನ್ನು ಮರ ಬೇರಿನಿಂದ ಎಳೆದುಕೊಂಡು ಎಲೆಗಳ ಮೂಲಕ ಗಾಳಿಗೆ ಬಿಡುತ್ತದೆ. ಮರ ಹೋದರೆ ಈ ಎರಡೂ ಖರ್ಚು ನಿಲ್ಲುತ್ತವೆ. ಉಳಿದ ನೀರು ಹಳ್ಳಕ್ಕೆ ಬರುತ್ತದೆ.

1982ರಲ್ಲಿ ಬಾಷ್ ಮತ್ತು ಹ್ಯೂಲೆಟ್ ಎಂಬ ಇಬ್ಬರು ಸಂಶೋಧಕರು ಜಗತ್ತಿನ 94 ಪ್ರಾಯೋಗಿಕ ಜಲಾನಯನಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಪೈನ್, ನೀಲಗಿರಿಯಂಥ ಮರಗಳ ಹೊದಿಕೆ 10% ಕಡಿಮೆಯಾದರೆ ವರ್ಷದ ಹರಿವು ಸರಾಸರಿ 40 ಮಿಲಿಮೀಟರ್‌ನಷ್ಟು (ಮಳೆ ಅಳೆಯುವ ಹಾಗೆ, ಇಡೀ ಜಲಾನಯನದ ಮೇಲೆ ಹರಡಿದರೆ ನಿಲ್ಲುವ ನೀರಿನ ಎತ್ತರ) ಏರುತ್ತದೆ ಎಂದು ಕಂಡಿತು. ಎಲೆ ಉದುರಿಸುವ ಅಗಲ ಎಲೆಯ ಮರಗಳಾದರೆ ಸುಮಾರು 25. ಕಡಿದಿದ್ದು ಜಲಾನಯನದ 20 ಶೇಕಡಕ್ಕಿಂತ ಕಡಿಮೆಯಾದರೆ ವ್ಯತ್ಯಾಸ ಅಳತೆಗೆ ಸಿಗುವುದೇ ಕಷ್ಟ ಎಂದೂ ಅವರು ಹೇಳಿದರು. ಈ ಕೊನೆಯ ಮಾತನ್ನು ಕೆಲವರು "20% ಕಡಿದರೆ ಏನೂ ಆಗಲ್ಲ" ಎಂದು ತಿರುಚಿ ಬಳಸುತ್ತಾರೆ. ಅಲ್ಲಿ ಹೇಳಿದ್ದು ವರ್ಷದ ಒಟ್ಟು ನೀರಿನ ಬಗ್ಗೆ ಮಾತ್ರ. ಹೂಳು, ಬಿಸಿ, ಮೀನು ಯಾವುದರ ಬಗ್ಗೆಯೂ ಅಲ್ಲ.

ಮಳೆ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ. ಇದು ಮರ ಕಡಿದಿದ್ದರಿಂದಲೇ ಅಂತ ಹೇಗೆ ಹೇಳುತ್ತಾರೆ?

ಒಳ್ಳೆಯ ಪ್ರಶ್ನೆ. ಇದಕ್ಕೆ ಜೋಡಿ ಕಣಿವೆಗಳ ಪ್ರಯೋಗ ಮಾಡುತ್ತಾರೆ. ಅಕ್ಕಪಕ್ಕದ, ಹೆಚ್ಚೂ ಕಡಿಮೆ ಒಂದೇ ಥರದ ಎರಡು ಸಣ್ಣ ಕಣಿವೆ ಆರಿಸಿ, ಎರಡರ ತಳದಲ್ಲೂ ಹಳ್ಳಕ್ಕೆ ಅಡ್ಡ ಕಾಂಕ್ರೀಟ್ ಗೋಡೆ ಕಟ್ಟಿ, ನಡುವೆ 'ವಿ' ಆಕಾರದ ಕಚ್ಚು ಬಿಡುತ್ತಾರೆ. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಅನ್ನುವುದರಿಂದ ಎಷ್ಟು ಹರಿಯುತ್ತಿದೆ ಎಂದು ಲೆಕ್ಕ ಸಿಗುತ್ತದೆ. ಕೆಲವು ವರ್ಷ ಎರಡನ್ನೂ ಮುಟ್ಟದೆ ಅಳೆಯುತ್ತಾರೆ. ಆಮೇಲೆ ಒಂದರಲ್ಲಿ ಕಡಿದು, ಇನ್ನೊಂದನ್ನು ಹಾಗೇ ಬಿಡುತ್ತಾರೆ. ಮಳೆ ಎರಡಕ್ಕೂ ಒಂದೇ, ಹಾಗಾಗಿ ಹೊಸದಾಗಿ ಕಂಡ ವ್ಯತ್ಯಾಸ ಕಡಿತದ್ದು.

ಅಮೆರಿಕದಲ್ಲಿ ಇಂಥ ಮೊದಲ ಪ್ರಯೋಗ ಕೊಲೊರಾಡೊದ ವ್ಯಾಗನ್ ವೀಲ್ ಗ್ಯಾಪ್‌ನಲ್ಲಿ 1910ರಲ್ಲಿ ಶುರುವಾಯಿತು. 1919ರಲ್ಲಿ ಒಂದು ಕಣಿವೆ ಕಡಿದರು, 1926ರ ತನಕ ಅಳೆದರು. ಉತ್ತರ ಕೆರೊಲಿನಾದ ಕೊವೀಟಾದಲ್ಲಿ 1934ರಿಂದ ಇಂದಿನವರೆಗೂ ಅಳತೆ ನಡೆಯುತ್ತಲೇ ಇದೆ. ಈ ವಿಷಯದಲ್ಲಿ ಐದು ವರ್ಷದ ಲೆಕ್ಕ ನೋಡಿ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ. ಯಾಕೆ ಅನ್ನುವುದು ಮುಂದಿನ ಪ್ರಶ್ನೆಯಲ್ಲೇ ಇದೆ.

ನೀರು ಜಾಸ್ತಿ ಬರುತ್ತದೆ ಅಂದರೆ ಕಡಿಯುವುದು ಒಳ್ಳೆಯದೇ ಅಲ್ವಾ?

ನಿಲ್ಲಿ. ಮೂರು ವಿಷಯ ನೋಡಬೇಕು.

ಮೊದಲು, ಆ ಹೆಚ್ಚುವರಿ ನೀರು ಯಾವಾಗ ಬರುತ್ತದೆ. ಮಳೆಗಾಲ, ಬೇಸಿಗೆ ಬೇರೆ ಬೇರೆಯಾಗಿರುವ ಕಡೆ ಅದರಲ್ಲಿ ದೊಡ್ಡ ಪಾಲು ಬರುವುದು ನೀರು ಹೇಗೂ ಸಾಕಷ್ಟು ಇರುವ ಕಾಲದಲ್ಲೇ. ನೆಲ ಕೆಟ್ಟಿರದಿದ್ದರೆ ಬೇಸಿಗೆಯ ಹರಿವೂ ಮೊದಲ ಕೆಲವು ವರ್ಷ ಏರಬಹುದು. ನೆಲ ತುಳಿದು ಗಟ್ಟಿಯಾಗಿದ್ದರೆ ಮಳೆ ಒಳಗೆ ಇಂಗದೆ ಮೇಲಿಂದಲೇ ಓಡಿಹೋಗುತ್ತದೆ. ಆಗ ಒಟ್ಟು ಲೆಕ್ಕದಲ್ಲಿ ಜಾಸ್ತಿ ಕಂಡರೂ ಒರತೆ ಮಾತ್ರ ಬೇಗ ಬತ್ತುತ್ತದೆ.

ಎರಡನೆಯದು, ಎಷ್ಟು ದಿನ ಉಳಿಯುತ್ತದೆ. ಕಾಡು ಮತ್ತೆ ಚಿಗುರುತ್ತದೆ. ಜೋರಾಗಿ ಬೆಳೆಯುವ ಎಳೆ ಮರಗಳಿಗೆ ಬಾಯಾರಿಕೆ ಜಾಸ್ತಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ನೀರು ಕೊಡುವ ಬೆಟ್ಟಗಳಲ್ಲಿ ಮೌಂಟನ್ ಆಷ್ ಎಂಬ ನೀಲಗಿರಿ ಜಾತಿಯ ಭಾರಿ ಮರಗಳ ಕಾಡಿದೆ. 1939ರ ಕಾಡ್ಗಿಚ್ಚಿನಲ್ಲಿ ಅದರಲ್ಲಿ ಬಹಳಷ್ಟು ಸುಟ್ಟುಹೋಯಿತು. ಒಟ್ಟೊಟ್ಟಿಗೆ ಹೊಸ ಮರಗಳು ಎದ್ದವು. ಮುಂದಿನ ದಶಕಗಳಲ್ಲಿ ಅಲ್ಲಿನ ಹಳ್ಳಗಳ ನೀರು ಇಳಿಯುತ್ತಾ ಹೋಯಿತು. 1980ರ ದಶಕದಲ್ಲಿ ಕುಜೆರಾ ಎಂಬವರು ಅದನ್ನು ಲೆಕ್ಕ ಹಾಕಿದರು. ಎಳೆ ಕಾಡಿಗೆ ಸುಮಾರು 25-30 ವರ್ಷ ಆಗುವ ಹೊತ್ತಿಗೆ ಹರಿವು ಹಳೆಯ ಕಾಡಿದ್ದಾಗಿನ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಮತ್ತೆ ಮೊದಲಿನಂತಾಗಲು ನೂರು ವರ್ಷಕ್ಕೂ ಮೇಲೆ ಬೇಕು ಎಂದು ಬಂತು. ಬೆಂಕಿಯ ಬದಲು ಗರಗಸದಿಂದ ಹೋದರೂ ಎಳೆ ಕಾಡಿನ ದಾಹ ಅದೇ. ಅಮೆರಿಕದ ಓರೆಗಾನ್ ರಾಜ್ಯದಲ್ಲೂ ಇದೇ ಕಥೆ. ಡಗ್ಲಸ್ ಫರ್ ಎಂಬ ಸೂಜಿ ಎಲೆಯ ಮರದ 34ರಿಂದ 43 ವರ್ಷದ ತೋಪುಗಳಿರುವ ಕಣಿವೆಗಳಲ್ಲಿ ಬೇಸಿಗೆಯ ಹರಿವು ಹಳೆಯ ಕಾಡಿನ ಕಣಿವೆಗಳಿಗಿಂತ ಅರ್ಧ ಕಡಿಮೆ ಎಂದು ಪೆರಿ ಮತ್ತು ಜೋನ್ಸ್ 2017ರಲ್ಲಿ ತೋರಿಸಿದರು. ಕಡಿದ ಮೊದಲ ವರ್ಷಗಳಲ್ಲಿ ನೀರು ಉಕ್ಕಿದ್ದನ್ನು ನೋಡಿ ಖುಷಿಪಟ್ಟವರ ಮಕ್ಕಳ ಕಾಲಕ್ಕೆ ಅದೇ ಹಳ್ಳ ಬೇಸಿಗೆಯಲ್ಲಿ ಸೊರಗಿರುತ್ತದೆ.

ಮೂರನೆಯದು ಮಂಜಿನ ಕಾಡುಗಳು. ಇಲ್ಲಿ ಮೇಲಿನ ನಿಯಮವೇ ತಲೆಕೆಳಗು. ಎತ್ತರದ, ಸದಾ ಮಂಜು ಮುಸುಕುವ ಕಡೆ ಮರದ ಎಲೆಗಳು ಮಂಜನ್ನು ಹಿಡಿದು ಹನಿ ಹನಿಯಾಗಿ ನೆಲಕ್ಕೆ ಇಳಿಸುತ್ತವೆ. ಓರೆಗಾನ್‌ನ ಪೋರ್ಟ್‌ಲ್ಯಾಂಡ್ ನಗರಕ್ಕೆ ಕುಡಿಯುವ ನೀರು ಕೊಡುವ ಬುಲ್ ರನ್ ಜಲಾನಯನದಲ್ಲಿ ಕಡಿದ ಮೇಲೆ ನಿರೀಕ್ಷಿಸಿದ ಹೆಚ್ಚಳ ಕಾಣಲೇ ಇಲ್ಲ, ಬೇಸಿಗೆಯ ಹರಿವು ಇಳಿಯಿತು. ಮಂಜು ಹಿಡಿಯುವ ಮರಗಳೇ ಹೋಗಿದ್ದವು ಎಂದು 1982ರಲ್ಲಿ ಹಾರ್ ಎಂಬ ವಿಜ್ಞಾನಿ ವಿವರಿಸಿದರು.

ಕಾಡು ಸ್ಪಂಜಿನ ಹಾಗೆ ಅಂತಾರಲ್ಲ, ಅದು ಸುಳ್ಳಾ?

ಪೂರ್ತಿ ಸುಳ್ಳಲ್ಲ, ಆದರೆ ಆ ಗುಣ ಇರುವುದು ಮರದಲ್ಲಿ ಅಲ್ಲ, ಮರದ ಕೆಳಗಿನ ಮಣ್ಣಿನಲ್ಲಿ. ಹಳೆಯ ಕಾಡಿನ ನೆಲವನ್ನು ಕೈಯಿಂದ ಕೆದರಿ ನೋಡಿ. ಮೇಲೆ ಒಣಗಿದ ತರಗೆಲೆ. ಅದರ ಕೆಳಗೆ ಅರ್ಧ ಕೊಳೆತು ಒಂದಕ್ಕೊಂದು ಅಂಟಿಕೊಂಡ ಎಲೆ, ನಡುವೆ ಬಿಳಿ ಶಿಲೀಂಧ್ರದ ಎಳೆಗಳು. ಇನ್ನೂ ಕೆಳಗೆ ಕಪ್ಪು, ಹುಡಿಯಾದ ಮಣ್ಣು. ಎರೆಹುಳು ಕೊರೆದ ತೂತು, ಸತ್ತ ಬೇರು ಬಿಟ್ಟುಹೋದ ಕೊಳವೆ. ಜೋರು ಮಳೆ ಸುರಿದರೂ ಇಂಥ ನೆಲದ ಮೇಲೆ ನೀರು ಹರಿಯುವುದು ಅಪರೂಪ, ಬಂದಿದ್ದೆಲ್ಲ ಒಳಗೆ ಇಳಿಯುತ್ತದೆ. ಈ ಪದರ ಉಳಿದರೆ ಮರ ಕಡಿದ ಮೇಲೂ ಕೆಲವು ಕಾಲ ನೆಲ ನೀರು ಕುಡಿಯುತ್ತದೆ. ಬುಲ್ಡೋಜರ್ ಹತ್ತಿಸಿದರೆ, ಬೆಂಕಿ ಹಾಕಿದರೆ, ದಿಮ್ಮಿ ಎಳೆದೆಳೆದು ಕೆರೆದರೆ ಅದು ಹೋಯಿತು. ಭಾರಿ ಯಂತ್ರದ ಚಕ್ರದಡಿ ಗಟ್ಟಿಯಾದ ಮಣ್ಣು ಮೊದಲಿನಂತಾಗಲು ದಶಕಗಳೇ ಬೇಕಾಗುತ್ತವೆ.

ಹಾಗಾದರೆ ಪ್ರವಾಹಕ್ಕೆ ಮರ ಕಡಿದಿದ್ದೇ ಕಾರಣನಾ?

ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಸಣ್ಣ ಕಣಿವೆಯಲ್ಲಿ ಬರುವ ಸಣ್ಣ, ಮಧ್ಯಮ ನೆರೆಗಳ ಎತ್ತರವನ್ನು ಕಡಿತ ಏರಿಸುತ್ತದೆ. ಕಡಿದ ಜಾಗದ ಮಣ್ಣು ಮೊದಲೇ ಒದ್ದೆಯಾಗಿರುತ್ತದೆ, ಯಾಕೆಂದರೆ ಅದನ್ನು ಕುಡಿಯುವ ಮರ ಇಲ್ಲ. ಅದರ ಮೇಲೆ ಮಳೆ ಬಿದ್ದರೆ ಬೇಗ ತುಂಬಿ ಹರಿಯುತ್ತದೆ. ಆದರೆ ದಿನಗಟ್ಟಲೆ ಬಿಡದೆ ಹೊಡೆಯುವ ಮಹಾ ಮಳೆಯಲ್ಲಿ ಕಾಡಿನ ಮಣ್ಣೂ ತುಂಬಿ ತುಳುಕುತ್ತದೆ. ಆಗ ಕಾಡು ಇದ್ದರೂ ನೆರೆ ಬರುತ್ತದೆ. ದೊಡ್ಡ ನದಿಗಳ ದೊಡ್ಡ ನೆರೆಗಳ ಮೇಲೆ ಕಡಿತದ ಪ್ರಭಾವ ಎಷ್ಟು ಅನ್ನುವುದರ ಬಗ್ಗೆ ವಿಜ್ಞಾನಿಗಳೇ ಕಿತ್ತಾಡಿದ್ದಾರೆ. ಓರೆಗಾನ್‌ನ ಒಂದೇ ಅಂಕಿಅಂಶ ಇಟ್ಟುಕೊಂಡು 1996ರಲ್ಲಿ ಒಂದು ತಂಡ ದೊಡ್ಡ ನೆರೆಗಳೂ ಏರಿವೆ ಎಂದಿತು, 1998ರಲ್ಲಿ ಇನ್ನೊಂದು ತಂಡ ಹಾಗೆ ಹೇಳಲು ಸಾಕಷ್ಟು ಆಧಾರ ಇಲ್ಲ ಎಂದಿತು.

ಸರ್ಕಾರಗಳು ಮಾತ್ರ ನೆರೆ ಬಂದ ತಕ್ಷಣ ಮರ ಕಡಿತದ ಕಡೆ ಬೆರಳು ತೋರಿಸುತ್ತವೆ. ಒಂದು ರೀತಿಯಲ್ಲಿ ಸುಲಭ. ನೆರೆ ಬಯಲಲ್ಲಿ ಮನೆ ಕಟ್ಟಲು ಬಿಟ್ಟವರು ಯಾರು, ನದಿ ಉಕ್ಕಿದಾಗ ಹರಡಿಕೊಳ್ಳಲು ಇದ್ದ ಜೌಗು ಮುಚ್ಚಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಹಾಗಂತ ಮರ ಕಡಿದವರು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ನೆರೆ ನೀರಿನ ಜೊತೆ ಇಳಿದು ಬರುವ ಕಲ್ಲು, ಮಣ್ಣು, ದಿಮ್ಮಿಗಳ ರಾಶಿಯಲ್ಲಿ ಅವರ ಪಾಲು ದೊಡ್ಡದೇ. ಹೂಳು ತುಂಬಿ ಪಾತ್ರ ಮೇಲೆದ್ದರೆ ಅಷ್ಟೇ ನೀರಿಗೂ ದಡ ಮುಳುಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹಾಳು ಮಾಡುವುದು ಯಾವುದು?

ರಸ್ತೆ. ಎರಡು ಮಾತಿಲ್ಲ.

ನಾಟಾ ಸಾಗಿಸಲು ಗುಡ್ಡದ ಹೊಟ್ಟೆ ಕೊರೆದು ಮಾಡುವ ಮಣ್ಣಿನ ರಸ್ತೆಗಳು. ಮರ ಕಡಿದ ಜಾಗದಲ್ಲಿ ಎರಡು ಮಳೆಗಾಲ ಕಳೆದರೆ ಹುಲ್ಲು, ಕುರುಚಲು ಎದ್ದು ಮಣ್ಣು ಹಿಡಿದುಕೊಳ್ಳುತ್ತದೆ. ರಸ್ತೆಯ ಮೇಲೆ ಏನೂ ಏಳುವುದಿಲ್ಲ, ಲಾರಿ ಓಡುತ್ತಿರುವ ತನಕ ಏಳಲು ಬಿಡುವುದೂ ಇಲ್ಲ. ಜೋರು ಮಳೆಯಲ್ಲಿ ಇಂಥ ರಸ್ತೆ ಪಕ್ಕ ನಿಂತು ನೋಡಿದರೆ ಎಲ್ಲ ಅರ್ಥವಾಗುತ್ತದೆ. ಲಾರಿ ಚಕ್ರದ ಎರಡು ಜಾಡುಗಳಲ್ಲಿ ಚಹಾ ಬಣ್ಣದ ನೀರು ಹರಿಯುತ್ತಿರುತ್ತದೆ. ಮೇಲುಬದಿಯಲ್ಲಿ ಗುಡ್ಡ ಕತ್ತರಿಸಿದ ಗೋಡೆಯಿಂದ ಸಣ್ಣಗೆ ನೀರು ಜಿನುಗಿ ಚರಂಡಿಗೆ ಬೀಳುತ್ತಿರುತ್ತದೆ. ಅದು ನೆಲದೊಳಗೆ ನಿಧಾನವಾಗಿ ಹಳ್ಳದ ಕಡೆ ಹೋಗುತ್ತಿದ್ದ ನೀರು, ರಸ್ತೆ ಅದನ್ನು ಅರ್ಧದಾರಿಯಲ್ಲೇ ಹೊರಗೆಳೆದಿದೆ. ಎಲ್ಲ ಸೇರಿ ಚರಂಡಿಯಲ್ಲಿ ಓಡಿ ಮೋರಿಗೆ ನುಗ್ಗುತ್ತದೆ. ಮೋರಿಯ ಕೆಳಬಾಯಲ್ಲಿ ಆಳವಾದ ಗುಂಡಿ ಬಿದ್ದಿರುತ್ತದೆ, ಅಲ್ಲಿಂದ ಕೆಳಗೆ ಹೊಸದೊಂದು ಕೊರಕಲು ನೇರವಾಗಿ ಹಳ್ಳದ ತನಕ. ಮೋರಿಯ ಮೇಲುಬಾಯಿಗೆ ಕೊಂಬೆ, ಕಸ ಸಿಕ್ಕಿಕೊಂಡರೆ ನೀರು ರಸ್ತೆ ಹತ್ತುತ್ತದೆ, ರಸ್ತೆಯ ತುಂಬು ಮಣ್ಣನ್ನೇ ಕಿತ್ತುಕೊಂಡು ಇಳಿಯುತ್ತದೆ.

ವಾಷಿಂಗ್ಟನ್ ರಾಜ್ಯದ ಕ್ಲಿಯರ್‌ವಾಟರ್ ನದಿ ಜಲಾನಯನದಲ್ಲಿ ರೀಡ್ ಮತ್ತು ಡನ್ ಇದನ್ನು ಅಳೆದು 1984ರಲ್ಲಿ ಪ್ರಕಟಿಸಿದರು. ಲಾರಿಗಳು ಪದೇ ಪದೇ ಓಡಾಡುವ ಕಾಡು ರಸ್ತೆಯಿಂದ ಬರುವ ಹೂಳು, ಬಳಕೆ ನಿಂತ ರಸ್ತೆಯಿಂದ ಬರುವುದಕ್ಕಿಂತ 130 ಪಟ್ಟು. ಹೌದು, ಎರಡೂ ಕಾಡು ರಸ್ತೆಗಳೇ, ಮುಖ್ಯ ವ್ಯತ್ಯಾಸ ಲಾರಿ. ಹಾಗಾಗಿ ಮಳೆಯಲ್ಲಿ ಲಾರಿ ನಿಲ್ಲಿಸಿ ಅನ್ನುವ ಒಂದೇ ಒಂದು ನಿಯಮವನ್ನು ಸರಿಯಾಗಿ ಪಾಲಿಸಿದರೂ ನದಿಗೆ ಎಷ್ಟೋ ಉಪಕಾರ. ಖರ್ಚೂ ಜಾಸ್ತಿ ಇಲ್ಲ. ಆದರೂ ಇದನ್ನು ಮಾಡಿಸುವುದು ಕಷ್ಟ, ಯಾಕೆಂದರೆ ಕಡಿದಿಟ್ಟ ದಿಮ್ಮಿ ಸಾಗದಿದ್ದರೆ ದುಡ್ಡು ನಿಂತುಹೋಗುತ್ತದೆ.

ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕ್ರೀಕ್‌ನದು ಇದರ ದುಬಾರಿ ಉದಾಹರಣೆ. ಕೆಳಗೆ ರಾಷ್ಟ್ರೀಯ ಉದ್ಯಾನದ ಎತ್ತರದ ಮರಗಳು, ಮೇಲೆ ಖಾಸಗಿ ಜಮೀನಿನಲ್ಲಿ ಕಡಿತ. ಮೇಲಿನ ಜಲ್ಲಿ, ಹೂಳು ಇಳಿದು ಬಂದು ಕೆಳಗೆ ಕಾಪಾಡಿಟ್ಟ ಮರಗಳ ಬುಡಕ್ಕೇ ಅಪಾಯ ತಂದಿತು. 1978ರಲ್ಲಿ ಉದ್ಯಾನವನ್ನು ವಿಸ್ತರಿಸಿ ಕಡಿದ ಜಾಗವನ್ನೂ ಸೇರಿಸಿಕೊಂಡರು. ಆಮೇಲೆ ಶುರುವಾಯಿತು ನೋಡಿ ಕೆಲಸ: ಹಳೆಯ ನಾಟಾ ರಸ್ತೆಗಳನ್ನು ಯಂತ್ರ ಹಾಕಿ ಕಿತ್ತು, ಮೋರಿ ತೆಗೆದು, ಗುಡ್ಡವನ್ನು ಮೊದಲಿನ ಆಕಾರಕ್ಕೆ ತರುವುದು. ದಶಕಗಳಿಂದ ನಡೆಯುತ್ತಿದೆ.

ಕಡಿದ ತಕ್ಷಣ ಗುಡ್ಡ ಕುಸಿಯಲಿಲ್ಲ. ಅಂದರೆ ಅಪಾಯ ಇಲ್ಲ ಅಂತ ತಾನೇ?

ಇಲ್ಲ. ಮರ ಬಿದ್ದರೂ ಬೇರು ತಕ್ಷಣ ಸಾಯುವುದಿಲ್ಲ, ಕೊಳೆಯಲು ಕೆಲವು ವರ್ಷ ಬೇಕು. ಹಳೆಯ ಬೇರು ಕೊಳೆತು, ಹೊಸ ಗಿಡಗಳ ಬೇರು ಇನ್ನೂ ಬಲಿಯದ ಆ ನಡುವಿನ ಅವಧಿಯೇ ಕಡಿದಾದ ಇಳಿಜಾರಿಗೆ ಕೆಟ್ಟ ಕಾಲ. ಸಾಮಾನ್ಯವಾಗಿ ಕಡಿದ ಮೂರನೇ ವರ್ಷದಿಂದ ಹದಿನೈದನೇ ವರ್ಷದ ತನಕ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಗುತ್ತಿಗೆದಾರ ಬಿಲ್ಲು ಪಾಸು ಮಾಡಿಸಿಕೊಂಡು ಹೋಗಿರುತ್ತಾನೆ, ಕುಸಿತ "ಪ್ರಕೃತಿ ವಿಕೋಪ" ಆಗಿರುತ್ತದೆ.

ಹಳ್ಳದ ನೀರು ಬಿಸಿಯಾಗುತ್ತದೆ ಅನ್ನುವುದು ಉತ್ಪ್ರೇಕ್ಷೆ ಅಲ್ವಾ?

ಅಲ್ಲ. ಓರೆಗಾನ್ ಕರಾವಳಿಯ ಆಲ್ಸಿ ಪ್ರದೇಶದಲ್ಲಿ 1959ರಿಂದ 1973ರ ತನಕ ಮೂರು ತೊರೆಗಳ ಅಧ್ಯಯನ ನಡೆಯಿತು. ಒಂದನ್ನು ಮುಟ್ಟಲಿಲ್ಲ. ಇನ್ನೊಂದರಲ್ಲಿ ತುಂಡು ತುಂಡಾಗಿ ಕಡಿದು ದಡದ ಮರ ಉಳಿಸಿದರು. ಮೂರನೆಯದು ನೀಡಲ್ ಬ್ರಾಂಚ್, ಅಲ್ಲಿ 1966ರಲ್ಲಿ ನೀರಿನ ಅಂಚಿನ ತನಕ ಎಲ್ಲವನ್ನೂ ಕಡಿದರು. ಕಡಿಯುವ ಮೊದಲು ಆ ತೊರೆಯ ವರ್ಷದ ಗರಿಷ್ಠ ತಾಪಮಾನ 14 ಡಿಗ್ರಿ ಸೆಲ್ಸಿಯಸ್ ಹತ್ತಿರ ಇತ್ತು. ಕಡಿದ ಮರುವರ್ಷ 29 ದಾಟಿತು. ದಡದ ಮರ ಉಳಿಸಿದ ತೊರೆಯಲ್ಲಿ ಇಂಥದ್ದೇನೂ ಆಗಲಿಲ್ಲ. ಸಾಲ್ಮನ್, ಟ್ರೌಟ್‌ನಂಥ ತಂಪು ನೀರಿನ ಮೀನಿಗೆ ಆ ಬಿಸಿ ತಡೆಯುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆ.

ಈ ಒಂದು ಪ್ರಯೋಗ ಓರೆಗಾನ್‌ನ ಕಾನೂನಿನ ಮೇಲೂ ಪರಿಣಾಮ ಬೀರಿತು. 1971ರಲ್ಲಿ ಆ ರಾಜ್ಯ ಖಾಸಗಿ ಕಾಡಿನಲ್ಲೂ ಮರ ಕಡಿತಕ್ಕೆ ನಿಯಮ ತಂದಿತು.

ಕುಡಿಯುವ ನೀರಿಗೆ ಏನು ತೊಂದರೆ?

ಹೂಳು ಒಂದು. ಬಗ್ಗಡ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣು ಬದುಕಿಕೊಳ್ಳುತ್ತವೆ. ಇನ್ನೊಂದು ಕಣ್ಣಿಗೆ ಕಾಣದ್ದು.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬಾರ್ಡ್ ಬ್ರೂಕ್ ಕಾಡಿನಲ್ಲಿ ಲೈಕೆನ್ಸ್, ಬೋರ್ಮನ್ ಮತ್ತು ಸಂಗಡಿಗರು 1965ರ ಕೊನೆಗೆ ಒಂದು ಸಣ್ಣ ಕಣಿವೆಯ ಎಲ್ಲ ಮರಗಳನ್ನೂ ಕಡಿದರು. ಗಮನಿಸಿ, ಒಂದು ದಿಮ್ಮಿಯನ್ನೂ ಹೊರಗೆ ತರಲಿಲ್ಲ, ರಸ್ತೆ ಮಾಡಲಿಲ್ಲ, ಬಿದ್ದಲ್ಲೇ ಬಿಟ್ಟರು. ಮುಂದಿನ ಮೂರು ಬೇಸಿಗೆ ಕಳೆನಾಶಕ ಹೊಡೆದು ಏನೂ ಚಿಗುರದಂತೆ ನೋಡಿಕೊಂಡರು. ಮೊದಲ ವರ್ಷ ಹಳ್ಳದ ನೀರು ಸುಮಾರು 40% ಏರಿತು. ಅದಕ್ಕಿಂತ ಬೆಚ್ಚಿಬೀಳಿಸಿದ್ದು ನೈಟ್ರೇಟ್, ಗಿಡಗಳಿಗೆ ಗೊಬ್ಬರವಾಗುವ ಸಾರಜನಕದ ಲವಣ. ಹಲವು ಹತ್ತು ಪಟ್ಟು ಏರಿ, ಕುಡಿಯುವ ನೀರಿನ ಮಿತಿಯನ್ನೇ ದಾಟಿಬಿಟ್ಟಿತು. ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತಲೇ ಇದ್ದವು, ಹೀರಿಕೊಳ್ಳುವ ಬೇರು ಇರಲಿಲ್ಲ. ಅದರ ಜೊತೆ ಕ್ಯಾಲ್ಸಿಯಂ, ಪೊಟ್ಯಾಸಿಯಂ ಕೂಡ ತೊಳೆದುಹೋದವು. ಮಾಮೂಲಿ ಕಡಿತದಲ್ಲಿ ಕಳೆನಾಶಕ ಹೊಡೆಯದೆ ಚಿಗುರಲು ಬಿಟ್ಟರೆ ಇಷ್ಟು ವಿಪರೀತ ಆಗುವುದಿಲ್ಲ, ಒಂದೆರಡು ವರ್ಷದಲ್ಲಿ ಇಳಿಯುತ್ತದೆ. ಆದರೆ ಕಾಡು ತನ್ನ ಗೊಬ್ಬರವನ್ನು ಎಷ್ಟು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ ಅನ್ನುವುದು ಅವತ್ತು ಗೊತ್ತಾಯಿತು.

ನ್ಯೂಯಾರ್ಕ್ ನಗರ ಈ ಲೆಕ್ಕವನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ಅದರ ನೀರಿನ ಬಹುಪಾಲು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನಗಳಿಂದ, ಶೋಧಕ ಘಟಕವಿಲ್ಲದೆ ಬರುತ್ತದೆ. ಭಾರಿ ಶೋಧಕ ಘಟಕ ಕಟ್ಟುವ ಬದಲು ಮೇಲಿನ ಜಮೀನು ಕಾಪಾಡುವುದೇ ಅಗ್ಗ ಎಂದು 1997ರಲ್ಲಿ ಒಪ್ಪಂದ ಮಾಡಿಕೊಂಡರು. ಅಲ್ಲಿ ಮರ ಕಡಿಯುವುದಕ್ಕೆ ಪೂರ್ತಿ ನಿಷೇಧವೇನೂ ಇಲ್ಲ. ಹೇಗೆ ಕಡಿಯಬೇಕು ಅನ್ನುವುದರ ಮೇಲೆ ಕಣ್ಣಿಟ್ಟಿದ್ದಾರೆ, ಅಷ್ಟೇ.

ಹೂಳಿನಿಂದ ಮೀನಿಗೆ ಏನಾಗುತ್ತದೆ? ನೀರು ಆಮೇಲೆ ತಿಳಿಯಾಗುತ್ತದಲ್ಲ?

ನೀರು ತಿಳಿಯಾಗುತ್ತದೆ, ತಳ ಆಗುವುದಿಲ್ಲ. ಹಳ್ಳದ ತಳದ ಒಂದು ಕಲ್ಲು ಎತ್ತಿ ನೋಡಿ. ಆರೋಗ್ಯವಾಗಿದ್ದರೆ ಕಲ್ಲುಗಳ ನಡುವೆ ಸಂದುಗಳಿರುತ್ತವೆ, ಅಡಿಯಲ್ಲಿ ಹುಳಗಳ ಮರಿ ಅಂಟಿಕೊಂಡಿರುತ್ತವೆ. ಅನೇಕ ಮೀನುಗಳು ಮೊಟ್ಟೆ ಇಡುವುದು ಈ ಸಂದುಗಳಲ್ಲೇ. ನುಣುಪು ಹೂಳು ಬಂದು ಸಂದು ಮುಚ್ಚಿದರೆ ಒಳಗೆ ನೀರು ಹರಿಯುವುದಿಲ್ಲ, ಮೊಟ್ಟೆಗೆ ಉಸಿರು ಸಿಗುವುದಿಲ್ಲ. ಹೊರಬಂದ ಮರಿಗೆ ತಿನ್ನಲು ಹುಳವೂ ಇರುವುದಿಲ್ಲ.

ಹಳ್ಳಕ್ಕೆ ಬಿದ್ದ ಮರ, ಕೊಂಬೆ ತೆಗೆದು ಸ್ವಚ್ಛ ಮಾಡಬೇಕಲ್ವಾ?

ಕಡಿದ ಹೊಸ ಕೊಂಬೆ, ಸೊಪ್ಪನ್ನು ಹಳ್ಳಕ್ಕೆ ತಳ್ಳಿದ್ದರೆ ತೆಗೆಯಿರಿ. ತಾನಾಗಿ ಬಿದ್ದ ದೊಡ್ಡ ಮರಗಳನ್ನು ಬಿಟ್ಟುಬಿಡಿ. ಅವುಗಳ ಹಿಂದೆ ಜಲ್ಲಿ ನಿಲ್ಲುತ್ತದೆ, ಮುಂದೆ ಮಡು ಆಗುತ್ತದೆ, ನೆರೆಯ ವೇಗ ಮುರಿಯುತ್ತದೆ, ಮೀನಿಗೆ ಅಡಗಲು ಜಾಗ. ಅಮೆರಿಕದ ವಾಯವ್ಯ ಭಾಗದಲ್ಲಿ 1950ರಿಂದ 70ರ ದಶಕದ ತನಕ ಮೀನಿಗೆ ದಾರಿ ಸುಗಮವಾಗಲಿ ಎಂದು ಹಳ್ಳಗಳಿಂದ ಮರ ಎತ್ತಿ ಹಾಕಿದರು. ಆಮೇಲೆ ತಪ್ಪು ಗೊತ್ತಾಗಿ ಈಗ ದುಡ್ಡು ಕೊಟ್ಟು ದಿಮ್ಮಿಗಳನ್ನು ತಂದು ವಾಪಸ್ ಇಡುತ್ತಿದ್ದಾರೆ, ಕೆಲವು ಕಡೆ ಹೆಲಿಕಾಪ್ಟರ್‌ನಲ್ಲಿ! ಅದಕ್ಕೂ ಮೊದಲಿನ ಕಾಲದಲ್ಲಿ ಹಳ್ಳಕ್ಕೆ ತಾತ್ಕಾಲಿಕ ಕಟ್ಟೆ ಹಾಕಿ ನೀರು ತುಂಬಿಸಿ, ಒಮ್ಮೆಲೇ ಒಡೆದು ಆ ರಭಸದಲ್ಲಿ ದಿಮ್ಮಿ ಸಾಗಿಸುತ್ತಿದ್ದರು. ಅಂಥ ಕೆಲವು ಹಳ್ಳಗಳಲ್ಲಿ ಜಲ್ಲಿಯೆಲ್ಲ ಕೊಚ್ಚಿ ಹೋಗಿ ಉಳಿದ ಬರೀ ಬಂಡೆ ಇವತ್ತಿಗೂ ಹಾಗೇ ಇದೆ.

ಮರ ಕಡಿದರೆ ನದಿ ಉಪ್ಪಾಗುತ್ತದೆ ಎಂದು ಕೇಳಿದೆ, ನಿಜವಾ?

ಎಲ್ಲ ಕಡೆ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಿಜ. ಅಲ್ಲಿ ನೆಲದ ಆಳದಲ್ಲಿ ಸಾವಿರಾರು ವರ್ಷಗಳ ಉಪ್ಪು ಕೂತಿದೆ. ಆಳಕ್ಕೆ ಬೇರಿಳಿಸುವ ಮರಗಳು ನೀರನ್ನೆಲ್ಲ ಕುಡಿದು ಅಂತರ್ಜಲವನ್ನು ಕೆಳಗೇ ಇಟ್ಟಿದ್ದವು. ಕೃಷಿಗಾಗಿ ಕಾಡು ತೆಗೆದ ಮೇಲೆ ಅಂತರ್ಜಲ ಮೇಲೇರಿತು, ಉಪ್ಪನ್ನೂ ಕರಗಿಸಿಕೊಂಡು ನದಿಗೆ ತಂದಿತು. ವುಡ್ ಎಂಬ ರೈಲ್ವೆ ಎಂಜಿನಿಯರ್ ಇದನ್ನು 1924ರಲ್ಲೇ ಬರೆದಿದ್ದರು. ಕಾಲಿ ನದಿಯ ವೆಲ್ಲಿಂಗ್ಟನ್ ಅಣೆಕಟ್ಟಿನ ನೀರು ಉಪ್ಪಾಗುತ್ತಾ ಬಂದಿದ್ದರಿಂದ ಮೇಲಿನ ಜಲಾನಯನದಲ್ಲಿ ಕಾಡು ತೆಗೆಯುವುದಕ್ಕೆ 1976ರಲ್ಲಿ ನಿರ್ಬಂಧ ಬಂತು. ಹೇಳಿ ಐವತ್ತು ವರ್ಷ ಆದ ಮೇಲೆ.

ಮಳೆಯೂ ಕಡಿಮೆಯಾಗುತ್ತದೆಯೇ?

ಒಂದು ಗುಡ್ಡ ಕಡಿದಿದ್ದಕ್ಕೆ ಆ ಗುಡ್ಡದ ಮಳೆ ನಿಂತಿತು ಅನ್ನುವುದಕ್ಕೆ ಆಧಾರ ಕಡಿಮೆ. ಅಮೆಜಾನ್‌ನಂಥ ಖಂಡದಷ್ಟು ದೊಡ್ಡ ಕಾಡಿನ ಮಾತು ಬೇರೆ. ಅಲ್ಲಿ ಬೀಳುವ ಮಳೆಯ ಕಾಲು ಭಾಗದಿಂದ ಅರ್ಧದ ತನಕ ಅದೇ ಕಾಡು ಗಾಳಿಗೆ ಬಿಟ್ಟ ಆವಿಯಿಂದ ಬರುತ್ತದೆ ಎಂಬ ಅಂದಾಜಿದೆ. ಅಲ್ಲಿ ಕಾಡು ಹೋದರೆ ಗಾಳಿ ಬೀಸುವ ದಿಕ್ಕಿನಲ್ಲಿ ದೂರದ ನದಿಗಳಿಗೂ ಹೊಡೆತ.

ಹಿಮ ಬೀಳುವ ಕಡೆ?

ಬಯಲು ಮಾಡಿದ ಜಾಗದಲ್ಲಿ ಹಿಮ ಜಾಸ್ತಿ ಕೂರುತ್ತದೆ, ನೆರಳಿಲ್ಲದ ಕಾರಣ ಬೇಗನೂ ಕರಗುತ್ತದೆ. ಹಾಗಾಗಿ ನೀರು ಒಟ್ಟಿಗೆ, ಮೊದಲೇ ಬರುತ್ತದೆ. ಕೊಲೊರಾಡೊದ ಫೂಲ್ ಕ್ರೀಕ್‌ನಲ್ಲಿ 1950ರ ದಶಕದಲ್ಲಿ ಪಟ್ಟಿ ಪಟ್ಟಿಯಾಗಿ ಕಡಿದಿದ್ದರ ಪರಿಣಾಮ ದಶಕಗಳ ಕಾಲ ಅಳತೆಗೆ ಸಿಗುತ್ತಲೇ ಇತ್ತು.

ಆಯ್ದು ಕಡಿದರೆ, ದಡದಲ್ಲಿ ಪಟ್ಟಿ ಬಿಟ್ಟರೆ ಸಾಕಾ?

ಬಹಳ ಸಹಾಯ. ದಡದ ಎರಡೂ ಬದಿ ಸುಮಾರು 30 ಮೀಟರ್ ಮರಗಳನ್ನು ಮುಟ್ಟದೆ ಬಿಟ್ಟರೆ ನೆರಳು ಉಳಿಯುತ್ತದೆ, ದಡ ಕುಸಿಯುವುದಿಲ್ಲ, ಮೇಲಿಂದ ಬರುವ ಮಣ್ಣಿನಲ್ಲಿ ಒಂದಷ್ಟು ಅಲ್ಲೇ ನಿಲ್ಲುತ್ತದೆ. ಆದರೆ ಮೇಲಿನ ರಸ್ತೆಯ ಚರಂಡಿ ಆ ಪಟ್ಟಿಯನ್ನು ಕೊರೆದುಕೊಂಡು ನೇರ ಹಳ್ಳಕ್ಕೆ ಹೋದರೆ ಪಟ್ಟಿ ಇದ್ದೂ ಉಪಯೋಗವಿಲ್ಲ. ಇನ್ನೊಂದು ಎಡವಟ್ಟು: ನಿಯಮಗಳು ದೊಡ್ಡ ಹಳ್ಳಗಳಿಗೆ ಅಗಲ ಪಟ್ಟಿ, ವರ್ಷದಲ್ಲಿ ಕೆಲವೇ ತಿಂಗಳು ಹರಿಯುವ ತೊರೆಗಳಿಗೆ ಸಣ್ಣ ಪಟ್ಟಿ ಅಥವಾ ಏನೂ ಇಲ್ಲ ಎನ್ನುತ್ತವೆ. ಹೂಳು ಶುರುವಾಗುವುದು ಅದೇ ತೊರೆಗಳಿಂದ.

ಆಯ್ದು ಕಡಿಯುವುದರ ಬಗ್ಗೆ ನನಗೆ ಅರೆ ಮನಸ್ಸು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅಷ್ಟೇ ನಾಟಾ ಬೇಕು ಅಂದರೆ ಇನ್ನಷ್ಟು ದೊಡ್ಡ ಜಾಗ ಸುತ್ತಬೇಕು, ಇನ್ನಷ್ಟು ರಸ್ತೆ ಬೇಕು, ಅದೇ ಜಾಗಕ್ಕೆ ಮತ್ತೆ ಮತ್ತೆ ಬರಬೇಕು. ದಿಮ್ಮಿಯನ್ನು ನೆಲದ ಮೇಲೆ ಎಳೆಯದೆ ಮೇಲಿಂದ ತಂತಿಯಲ್ಲಿ ತೂಗಿ ತರುವ ವ್ಯವಸ್ಥೆ ಇದ್ದರೆ ಲೆಕ್ಕ ಬೇರೆ.

ಕಡಿದಷ್ಟು ಮತ್ತೆ ನೆಟ್ಟರೆ ಸರಿಹೋಗುತ್ತದಾ?

ಮಣ್ಣು ಹಿಡಿಯುವ ಮಟ್ಟಿಗೆ ಬೇಗ ಸರಿಹೋಗುತ್ತದೆ. ನೀರಿನ ಲೆಕ್ಕ ಸರಿಹೋಗಲು ಎಷ್ಟು ಬೇಕು ಎಂದು ಮೆಲ್ಬರ್ನ್ ಉದಾಹರಣೆಯಲ್ಲಿ ನೋಡಿದಿರಿ. ಒಂದೇ ಜಾತಿಯ, ಒಂದೇ ವಯಸ್ಸಿನ, 20-30 ವರ್ಷಕ್ಕೆ ಮತ್ತೆ ಕಡಿಯುವ ನೆಡುತೋಪಾದರೆ ನದಿ ಸದಾ ಆ ಬಾಯಾರಿದ ಎಳೆ ವಯಸ್ಸಿನಲ್ಲೇ ಸಿಕ್ಕಿಕೊಂಡಿರುತ್ತದೆ.

ಪೂರ್ತಿ ನಿಷೇಧ ಹಾಕಿದ ದೇಶಗಳಲ್ಲಿ ಏನಾಯಿತು?

1988ರ ನವೆಂಬರ್‌ನಲ್ಲಿ ದಕ್ಷಿಣ ಥಾಯ್ಲೆಂಡ್‌ನಲ್ಲಿ ಭಾರಿ ನೆರೆ, ಕುಸಿತ ಆಗಿ ನೂರಾರು ಜನ ಸತ್ತರು. 1989ರ ಜನವರಿಯಲ್ಲಿ ಸರ್ಕಾರ ನೈಸರ್ಗಿಕ ಕಾಡಿನಲ್ಲಿ ವಾಣಿಜ್ಯ ಕಡಿತ ನಿಲ್ಲಿಸಿತು. ಚೀನಾ 1998ರ ಯಾಂಗ್ತ್ಸೆ ನೆರೆಯ ನಂತರ ಆ ನದಿಯ ಮೇಲ್ಭಾಗದ ಕಾಡುಗಳಲ್ಲಿ ಕಡಿತ ನಿಷೇಧಿಸಿತು. ಎರಡೂ ಕಡೆ ಮರದ ಬೇಡಿಕೆ ಮಾತ್ರ ನಿಲ್ಲಲಿಲ್ಲ. ಪಕ್ಕದ ದೇಶಗಳ ಕಾಡಿನಿಂದ ನಾಟಾ ಬರತೊಡಗಿತು. ಅಂದರೆ ಇವರ ನದಿಯ ತೊಂದರೆ ಬೇರೆಯವರ ನದಿಗೆ ವರ್ಗವಾಯಿತು. ನಿಷೇಧ ಬೇಡ ಅನ್ನುತ್ತಿಲ್ಲ. ಬೇಡಿಕೆಯ ಬಗ್ಗೆ ಮಾತಾಡದೆ ಬರೀ ನಿಷೇಧ ಹಾಕಿದರೆ ಹೀಗೇ ಆಗುತ್ತದೆ.

ನಮ್ಮ ಹಳ್ಳದ ಮೇಲೆ ಕಡಿತ ನಡೆಯುತ್ತಿದೆ. ಯಂತ್ರ, ತಜ್ಞರು ಇಲ್ಲದೆ ನಾವೇ ಏನು ನೋಡಬಹುದು?

ಒಂದೇ ಜಾಗದಲ್ಲಿ ನಿಂತು, ಮಳೆ ನಿಂತ ಮೇಲೆ ನೀರು ತಿಳಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದಿಡಿ. ಕಡಿಯುವ ಮೊದಲೇ ಶುರುಮಾಡಿದರೆ ಇನ್ನೂ ಒಳ್ಳೆಯದು. ಹೋಲಿಸಲು ಏನೂ ಇಲ್ಲದ ದೂರನ್ನು ಯಾರೂ ಕೇಳುವುದಿಲ್ಲ. ಪಾರದರ್ಶಕ ಬಾಟಲಿಯಲ್ಲಿ ನೀರು ತುಂಬಿ ದಿನಾಂಕ ಬರೆದು ಫೋಟೊ ತೆಗೆಯಿರಿ, ತಳದಲ್ಲಿ ಕೂತ ಹೂಳು ಸಹಿತ. ಬೇಸಿಗೆಯ ಮಧ್ಯಾಹ್ನ ಒಂದು ಸಾಮಾನ್ಯ ಥರ್ಮಾಮೀಟರ್ ನೆರಳಿನಲ್ಲಿ ಮುಳುಗಿಸಿ ಓದಿ. ಹತ್ತಿರದಲ್ಲೇ ಕಡಿತ ಇಲ್ಲದ ಇನ್ನೊಂದು ಹಳ್ಳ ಇದ್ದರೆ ಅದನ್ನೂ ಅದೇ ದಿನ ನೋಡಿ. ಇದು ಬಡವರ ಜೋಡಿ ಕಣಿವೆ ಪ್ರಯೋಗ.

ಮಳೆಯಲ್ಲಿ ನೀರು ಕೆಂಪಾಗಿದ್ದರೆ ಹಳ್ಳದಗುಂಟ ಮೇಲಕ್ಕೆ ನಡೆಯಿರಿ. ಕವಲು ಬಂದಲ್ಲೆಲ್ಲ ಯಾವ ಕವಲು ಕೆಂಪು, ಯಾವುದು ತಿಳಿ ಎಂದು ನೋಡಿ ಕೆಂಪಿನ ಹಿಂದೆ ಹೋಗಿ. ಹತ್ತರಲ್ಲಿ ಒಂಬತ್ತು ಸಲ ಅದು ಒಂದು ರಸ್ತೆಯ ಮೋರಿಗೆ ಹೋಗಿ ಮುಟ್ಟುತ್ತದೆ. ಅದರ ಫೋಟೊ, ಜಾಗ, ದಿನಾಂಕ ಬರೆದುಕೊಳ್ಳಿ. "ಕಾಡು ಹಾಳಾಗುತ್ತಿದೆ" ಅನ್ನುವ ಅರ್ಜಿಗಿಂತ "ಇಂಥ ಮೋರಿಯ ಕೆಳಗೆ ಇಷ್ಟು ಆಳ ಕೊರೆದಿದೆ, ಚರಂಡಿಯನ್ನು ಕಾಡಿನೊಳಕ್ಕೆ ತಿರುಗಿಸಿ" ಅನ್ನುವ ಅರ್ಜಿಗೆ ಉತ್ತರ ಕೊಡದೆ ಇರುವುದು ಅಧಿಕಾರಿಗಳಿಗೆ ಕಷ್ಟ.